ದೊಡ್ಡಪ್ಪನ ಟ್ರಂಕು

ನಮ್ಮ ದೊಡ್ಡಪ್ಪನವರ ನಡುಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಒಂದು ಕಾಲಕ್ಕೆ ಅದಕ್ಕೆ ಹಸುರು ಬಣ್ಣ ಬಳಿದಿದ್ದರೆಂಬುದನ್ನು ಮೂಲೆಗಳಲ್ಲಿ ಉಳಿದಿರುವ ಚೂರುಪಾರುಗಳಿಂದ ಊಹಿಸಿಕೊಳ್ಳಬೇಕು. ಹೊಲದ ಪಹಣಿ, ಮನೆಗಂದಾಯದ ರಸೀತಿ, ಮಕ್ಕಳ ಜಾತಕ, ಯಾವ ಕಾಲದಲ್ಲಿಯೋ ಎತ್ತು ಮಾರಿದ ಚೀಟಿ, ಕೆಟ್ಟು ಮೂಲೆ ಸೇರಿದ ಗೋಡೆ ಗಡಿಯಾರದ ಗ್ಯಾರಂಟಿ ಕಾರ್ಡು—ಕಾಗದವೆಂಬುದು ಒಮ್ಮೆ ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿತೆಂದರೆ ಅದಕ್ಕೆ ಮರಣವಿಲ್ಲ. "ಮನುಷ್ಯಾ ಮರೀತಾನ, ಕಾಗದಾ ಮಾತಾಡ್ತೈತಿ" ಎಂಬುದು ದೊಡ್ಡಪ್ಪನವರ ಸಿದ್ಧಾಂತ. ಮೂರು ನಾಲ್ಕು ವರ್ಷಗಳ ಹಿಂದೆ ಆ ಟ್ರಂಕಿನೊಳಗಿನ ಒಂದು ಕಾಗದ ನಿಜವಾಗಿಯೂ ಮಾತನಾಡಿತು. ಆಡಿದ ಮಾತು ಮಾತ್ರ ದೊಡ್ಡಪ್ಪನವರಿಗೆ ವಿರುದ್ಧವಾಗಿತ್ತು.

ನನ್ನ ಊರು ಮೋಕ. ಬಳ್ಳಾರಿಯವರನ್ನು ಬಿಟ್ಟರೆ ಉಳಿದ ಓದುಗರಿಗೆ ಈ ಹೆಸರು ಅಪರಿಚಿತವಾಗಿರಬಹುದು. ವೇದಾವತಿಯನ್ನು ನಾವು ಹಗರಿ ಎನ್ನುತ್ತೇವೆ. ಆ ಹಗರಿಯ ದಡದ ಊರು. ಬೇಸಗೆಯಲ್ಲಿ ನದಿಯೆಂದರೆ ಬಿಳಿಯ ಮರಳು, ಊರೆಂದರೆ ಕೆಂಪು ಮೆಣಸಿನಕಾಯಿ. ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಆಂಧ್ರದ ಸೀಮೆ. ದೊಡ್ಡಪ್ಪನವರದು ಅಲ್ಲಿ ಒಂದು ಕಿರಾಣಿ ಅಂಗಡಿ. ಅನುಕೂಲಸ್ಥರೆನ್ನುವಷ್ಟು ಹಣವಿಲ್ಲ, ಬಡವರೆಂದು ಕಾರ್ಡು ಕೊಡುವಷ್ಟು ಬಡತನವೂ ಇಲ್ಲ. ಈ ಪತ್ರಿಕೆಯನ್ನು ಓದುವ ನಮ್ಮ ನಿಮ್ಮಂಥ ಮನೆತನ.

೨೦೧೬ರಲ್ಲಿ ದೊಡ್ಡಪ್ಪನವರು ತಮಗೂ ದೊಡ್ಡಮ್ಮನಿಗೂ ಸೇರಿಸಿ ಮೂರು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿದರು. ಮಾಡಿಸಿದವನು ಊರಿಗೆ ಪರಿಚಿತನಾದ ಒಬ್ಬ ಏಜೆಂಟ. ಅರ್ಜಿ ಇಂಗ್ಲಿಷಿನಲ್ಲಿತ್ತು. ಏಜೆಂಟನೇ ತನ್ನ ಕೈಯಿಂದ ಎಲ್ಲವನ್ನೂ ತುಂಬಿದ. ದೊಡ್ಡಪ್ಪನವರು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡುವವರು. ಆದರೆ ತಿಳಿಯದ ಕಾಗದಕ್ಕೆ ಸಹಿ ಮಾಡುವ ಜಾಯಮಾನ ಅವರದಲ್ಲ. ಆದಕಾರಣ ಆ ಅರ್ಜಿಯನ್ನು ಒಂದು ಚೀಲದಲ್ಲಿಟ್ಟುಕೊಂಡು ಮೋಕದಿಂದ ಬಸ್ಸು ಹತ್ತಿ ಬಳ್ಳಾರಿಗೆ, ನನ್ನ ಬಾಡಿಗೆ ಮನೆಗೆ ಬಂದರು. ನಾನಾಗ ಹೊಸದಾಗಿ ಉಪನ್ಯಾಸಕನಾಗಿದ್ದೆ. ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಎರಡು ಕಟ್ಟುಗಳಿದ್ದವು.

"ತಮ್ಮಾ, ಎಂ.ಎ. ಓದೀದಿ. ಇದನ್ನೊಂದೀಟು ನೋಡು. ಎಲ್ಲಾ ಸರಿ ಐತೇನು?"

ನಾನು ನೋಡಿದೆ. 'ನೋಡಿದೆ' ಎಂಬ ಕ್ರಿಯಾಪದ ಇಲ್ಲಿ ಸಲ್ಲುತ್ತದೆ, 'ಓದಿದೆ' ಎಂಬುದು ಸಲ್ಲುವುದಿಲ್ಲ. ಹೆಸರು ಸರಿಯಾಗಿತ್ತು, ವಯಸ್ಸು ಸರಿಯಾಗಿತ್ತು, ವಿಳಾಸ ಸರಿಯಾಗಿತ್ತು. ಎರಡನೆಯ ಪುಟದಲ್ಲಿ ಸಣ್ಣ ಸಣ್ಣ ಚೌಕಗಳ ಒಂದು ಸಾಲು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕ್ಷಯ ಎಂದು ಹತ್ತು ಹನ್ನೆರಡು ಹೆಸರುಗಳು. ಎಲ್ಲಕ್ಕೂ 'ಇಲ್ಲ' ಎಂಬ ಚೌಕದಲ್ಲಿಯೇ ಗುರುತು ಬಿದ್ದಿತ್ತು. ದೊಡ್ಡಪ್ಪನವರು ಪ್ರತಿದಿನ ಬೆಳಗ್ಗೆ ಚಹದೊಡನೆ ಬಿ.ಪಿ. ಮಾತ್ರೆಯೊಂದನ್ನು ನುಂಗುವುದು ನನಗೆ ಗೊತ್ತಿತ್ತು. ರಜೆಯಲ್ಲಿ ಹೋದಾಗ ಆ ಮಾತ್ರೆಯ ಡಬ್ಬಿಯನ್ನು ಎಷ್ಟೋ ಸಲ ನಾನೇ ತಂದು ಕೊಟ್ಟಿದ್ದೇನೆ. ಆದರೂ ಆ ಮಾತ್ರೆಗೂ ಈ ಚೌಕಕ್ಕೂ ಸಂಬಂಧವುಂಟೆಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. "ಎಲ್ಲಾ ಸರಿ ಇದೆ ದೊಡ್ಡಪ್ಪ, ಸಹಿ ಮಾಡಿ" ಎಂದು ಪೆನ್ನನ್ನೂ ನಾನೇ ಕೊಟ್ಟೆ. ಏಜೆಂಟನನ್ನು ಬಯ್ಯುವಾಗಲೆಲ್ಲ ನನಗೆ ಆ ಪೆನ್ನು ನೆನಪಾಗುತ್ತದೆ.

೨೦೨೨ರ ಏಪ್ರಿಲಿನಲ್ಲಿ ದೊಡ್ಡಪ್ಪನವರಿಗೆ ಎದೆನೋವು ಕಾಣಿಸಿಕೊಂಡಿತು. ಆರು ವರ್ಷಗಳ ಕಾಲ ಒಂದು ಕಂತನ್ನೂ ಅವರು ತಪ್ಪಿಸಿರಲಿಲ್ಲ. ಮೊದಲ ವರ್ಷ ಹದಿನಾಲ್ಕು ಸಾವಿರದಷ್ಟಿದ್ದ ಕಂತು ಏರುತ್ತ ಏರುತ್ತ ಇಪ್ಪತ್ತೊಂಬತ್ತು ಸಾವಿರವನ್ನು ಮುಟ್ಟಿತ್ತು. ಬಳ್ಳಾರಿಯ ಡಾಕ್ಟರು ಪರೀಕ್ಷಿಸಿ ಬೆಂಗಳೂರಿಗೆ ಕಳುಹಿಸಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತನಾಳಗಳ ಚಿತ್ರ ತೆಗೆದು, ಮೂರು ಕಡೆ ಕಟ್ಟಿಕೊಂಡಿದೆ, ಬೈಪಾಸ್ ಆಗಬೇಕು, ವಾರದೊಳಗೆ ಆದರೆ ಒಳ್ಳೆಯದು ಎಂದರು. ಖರ್ಚು ಎರಡೂಮುಕ್ಕಾಲು ಲಕ್ಷ. "ಇನ್ಸೂರೆನ್ಸು ಐತಲ್ಲ" ಎಂದು ದೊಡ್ಡಮ್ಮ ಸೆರಗಿನಿಂದ ಮುಖ ಒರಸಿಕೊಂಡು ಸಮಾಧಾನದಿಂದ ಕುಳಿತರು.

ದೊಡ್ಡ ಆಸ್ಪತ್ರೆಗಳಲ್ಲಿ ವಿಮೆಯ ವಿಚಾರಕ್ಕೆಂದೇ ಒಂದು ಕಿಟಕಿ ಇರುತ್ತದೆ. ರೋಗಿ ಹಣ ಕಟ್ಟದೆ ಚಿಕಿತ್ಸೆ ಪಡೆಯುವುದಕ್ಕೆ ಕ್ಯಾಶ್‌ಲೆಸ್ ಎನ್ನುತ್ತಾರೆ. ಅದಕ್ಕೆ ಅನುಮತಿ ಬೇಡುವ ಪತ್ರ ಆ ಕಿಟಕಿಯಿಂದ ಕಂಪೆನಿಗೆ ಹೋಗುತ್ತದೆ. ಎಷ್ಟೋ ವೇಳೆ ಕಂಪೆನಿಗೂ ನೇರವಾಗಿ ಹೋಗದೆ, ನಡುವೆ ನಿಂತು ಕಾಗದಪತ್ರ ನೋಡುವ ಟಿ.ಪಿ.ಎ. ಎಂಬ ಮಧ್ಯಸ್ಥ ಸಂಸ್ಥೆಗೆ ಹೋಗುತ್ತದೆ. ಮೊದಲ ದಿನ ಉತ್ತರದ ಬದಲು ಪ್ರಶ್ನೆ ಬಂದಿತು: ರಕ್ತದೊತ್ತಡ ಎಂದಿನಿಂದ ಇದೆ? ಆಸ್ಪತ್ರೆಗೆ ಸೇರಿದ ರಾತ್ರಿ ಕಿರಿಯ ಡಾಕ್ಟರೊಬ್ಬರು ಕೇಳಿದಾಗ ದೊಡ್ಡಪ್ಪನವರು "ಎಂಟು ವರ್ಷ ಆತು" ಎಂದಿದ್ದರು. ಅವರು ಅದನ್ನು ಹಾಗೆಯೇ ಬರೆದುಕೊಂಡಿದ್ದರು. ಮರುದಿನ ಇನ್ನೊಂದು ಪ್ರಶ್ನೆ: ಮೊದಲು ತೋರಿಸಿದ ಡಾಕ್ಟರ ಚೀಟಿ ಬೇಕು. ಇಂಥ ಹಳೆಯ ಚೀಟಿ ಯಾರ ಮನೆಯಲ್ಲಿ ಇರುತ್ತದೆ, ಹೇಳಿ. ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಇರುತ್ತದೆ. ನನ್ನ ತಮ್ಮ, ಎಂದರೆ ದೊಡ್ಡಪ್ಪನವರ ಮಗ, ಮೋಕಕ್ಕೆ ಫೋನು ಮಾಡಿ ಟ್ರಂಕು ತೆಗೆಸಿ, ೨೦೧೪ರ ಚೀಟಿಯ ಫೋಟೋ ತರಿಸಿ, ಕೇಳಿದ ಅರ್ಧ ಗಂಟೆಯಲ್ಲಿ ಕಿಟಕಿಗೆ ಒಪ್ಪಿಸಿದ. ಕೊಟ್ಟ ಮೇಲೆ ಇನ್ನೇನು ಅನುಮತಿ ಬರುತ್ತದೆಂದು ಎಲ್ಲರೂ ಕಾಫಿ ಕುಡಿದರು.

ಮೂರನೆಯ ದಿನ ಸಂಜೆ ಬಂದ ಪತ್ರದ ಒಂದು ಪ್ರತಿ ನನ್ನ ಬಳಿ ಇದೆ. ವ್ಯಾಕರಣ ಕಲಿಸುವವನಾದ್ದರಿಂದ ಅದರ ವಾಕ್ಯರಚನೆಯನ್ನು ಕುರಿತು ಒಂದು ಮಾತು ಹೇಳದಿರಲಾರೆ. ಕೋರಿಕೆಯನ್ನು ಪರಿಶೀಲಿಸಲಾಗಿದೆ, ಪೂರ್ವದಲ್ಲಿದ್ದ ಕಾಯಿಲೆಯನ್ನು ಮುಚ್ಚಿಡಲಾಗಿರುವುದು ಕಂಡುಬಂದಿದೆ, ಆದುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ, ಅನಾನುಕೂಲಕ್ಕಾಗಿ ವಿಷಾದಿಸಲಾಗಿದೆ. ಮೊದಲಿನಿಂದ ಕೊನೆಯವರೆಗೆ ಕರ್ಮಣಿ ಪ್ರಯೋಗ. ಪರಿಶೀಲಿಸಿದವರು ಯಾರು, ಕಂಡವರು ಯಾರು, ತಿರಸ್ಕರಿಸಿದವರು ಯಾರು? ಕರ್ತೃಪದವೇ ಇಲ್ಲ. ವಿಷಾದಪಡುವುದಕ್ಕೂ ಒಬ್ಬ ಮನುಷ್ಯ ಇಲ್ಲ. ಇಡೀ ಪತ್ರದಲ್ಲಿ ಹೆಸರಿದ್ದುದು ದೊಡ್ಡಪ್ಪನವರದೊಂದೇ. ಅದರಲ್ಲಿಯೂ ಒಂದು ಅಕ್ಷರ ತಪ್ಪಾಗಿತ್ತು.

"ಅಲ್ಲೋ ತಮ್ಮಾ, ಮುಚ್ಚಿಟ್ಟೀನಿ ಅಂತಾರ. ಮುಚ್ಚಿಡಾಂವ ಚೀಟಿ ಯಾಕ ಕೊಡ್ತಿದ್ದ?" ಎಂದು ಹಾಸಿಗೆಯ ಮೇಲಿಂದ ದೊಡ್ಡಪ್ಪನವರು ನನ್ನನ್ನು ಕೇಳಿದರು. ಹಣದ ಮಾತನ್ನು ಅವರು ಎತ್ತಲೇ ಇಲ್ಲ.

ಎರಡೂಮುಕ್ಕಾಲು ಲಕ್ಷವನ್ನು ನಿಂತ ಕಾಲಿನ ಮೇಲೆ ಹೊಂದಿಸುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ೨೦೧೮ರಿಂದ ಇದೆಯಷ್ಟೆ. ಬಡತನದ ಕಾರ್ಡಿನವರಿಗೆ ಅದು ವರ್ಷಕ್ಕೆ ಐದು ಲಕ್ಷದವರೆಗೆ ಕೊಡುತ್ತದೆ. ನಮ್ಮಂಥ ಕಾರ್ಡಿನವರಿಗೆ ಗೊತ್ತುಮಾಡಿದ ದರದಲ್ಲಿ ನೂರಕ್ಕೆ ಮೂವತ್ತು ಪಾಲು ಮಾತ್ರ. ತುರ್ತಿನ ಸಂದರ್ಭವಲ್ಲವಾದರೆ ಅದಕ್ಕೂ ಮುಂಚಿತವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಓಡಾಟದ ದಾರಿಯೂ ನಮಗೆ ಆಗ ತಿಳಿದಿರಲಿಲ್ಲ. ಊರಿಗೆ ಹೋಗಿ ಹಣ ಹೊಂದಿಸಿಕೊಂಡು ಬರುವುದೆಂದು ನಿಶ್ಚಯವಾಯಿತು. ಆಸ್ಪತ್ರೆಯವರು, 'ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ' ಎಂಬ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಅದೂ ಇಂಗ್ಲಿಷಿನಲ್ಲಿಯೇ ಇತ್ತು. ಅದನ್ನು ಮಾತ್ರ ನಾನು ಎರಡು ಸಲ ಓದಿದೆ.

ಮೆಣಸಿನಕಾಯಿಯ ಹಣ ಬರಬೇಕಿತ್ತು, ಚೀಟಿಯ ಹಣವನ್ನು ಎತ್ತಬೇಕಿತ್ತು, ದೊಡ್ಡಮ್ಮನ ಬಳೆಗಳನ್ನು ಇಡಬೇಕಿತ್ತು. ಹದಿನೆಂಟು ದಿನಗಳಾದವು. ಹತ್ತೊಂಬತ್ತನೆಯ ರಾತ್ರಿ ಎರಡು ಗಂಟೆಗೆ ದೊಡ್ಡಪ್ಪನವರಿಗೆ ಹೃದಯಾಘಾತವಾಯಿತು. ಮೋಕದಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಬೆಂಗಳೂರಿಗೆ ಆ್ಯಂಬುಲೆನ್ಸಿನಲ್ಲಿ ಒಯ್ದದ್ದನ್ನು ವಿಸ್ತರಿಸುವುದಿಲ್ಲ. ಆಪರೇಷನ್ ಆಯಿತು, ಪ್ರಾಣ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಆ ರಾತ್ರಿಯೇ ಸತ್ತುಹೋಗಿತ್ತು. ಆರೋಗ್ಯವಂತನ ಹೃದಯ ಒಂದೊಂದು ಬಡಿತಕ್ಕೂ ತನ್ನಲ್ಲಿ ತುಂಬಿದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಕ್ಕೆ ದೂಡುತ್ತದೆಯಂತೆ. ದೊಡ್ಡಪ್ಪನವರದು ಈಗ ನೂರಕ್ಕೆ ಮೂವತ್ತೈದನ್ನು ದೂಡುತ್ತದೆ. ಅಂಗಡಿಯಲ್ಲಿ ತಮ್ಮ ಕೂಡುತ್ತಾನೆ. ಮೆಣಸಿನಕಾಯಿ ಒಣಹಾಕಿದ ಮಾಳಿಗೆಗೆ ದೊಡ್ಡಪ್ಪನವರು ಹತ್ತುವುದಿಲ್ಲ. ಕೆಳಗೆ ಕುಳಿತು ಮಳೆ ಬಂದೀತೇ ಎಂದು ಕೇಳುತ್ತಾರೆ. ವಾರದೊಳಗೆ ಆಪರೇಷನ್ ಆಗಿದ್ದರೆ ಹೀಗೆ ಆಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಅವರು ಪ್ರಾಮಾಣಿಕರು. "ಹೇಳಲಾಗದು, ಆದರೆ ವಾರದೊಳಗೆ ಎಂದು ನಾವು ಸುಮ್ಮನೆ ಬರೆಯುವುದಿಲ್ಲ" ಎಂದರು.

ವಿಮೆಯ ಹಣ ಬರಲಿಲ್ಲವೆಂದರೆ ಅದು ಹಣದ ನಷ್ಟ, ಮೈಗೇನು ನಷ್ಟ ಎಂದು ವಾದಿಸುವವರುಂಟು. ಅಂಥವರಿಗೆ ನಾನು ನಮ್ಮ ಜಿಲ್ಲೆಯ ಗಡಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ೨೦೧೦ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಆರಂಭಿಸಿತು. ಬಡ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ರೋಗ ಮೊದಲಾದ ದೊಡ್ಡ ಕಾಯಿಲೆಗಳಿಗೆ ಕಂತೂ ಇಲ್ಲ, ಆಸ್ಪತ್ರೆಯಲ್ಲಿ ಖರ್ಚೂ ಇಲ್ಲ. ಆದರೆ ಯೋಜನೆ ಇಡೀ ರಾಜ್ಯಕ್ಕೆ ಒಮ್ಮೆಗೇ ಬರಲಿಲ್ಲ. ಮೊದಲು ಉತ್ತರದ ಭಾಗಕ್ಕೆ ಬಂದಿತು, ದಕ್ಷಿಣಕ್ಕೆ ಬಂದದ್ದು ೨೦೧೨ರಲ್ಲಿ. ಆ ನಡುವಿನ ಅವಧಿಯಲ್ಲಿ ರಾಜ್ಯದ ಹೊಟ್ಟೆಯ ಮೇಲೆ ಒಂದು ಗೆರೆ ಎಳೆದಂತಾಗಿತ್ತು. ಗೆರೆಯ ಈಚೆಗೆ ಬಳ್ಳಾರಿ ಸೀಮೆಯಂಥ ಹಳ್ಳಿಗಳು, ಆಚೆಗೆ ಚಿತ್ರದುರ್ಗ, ದಾವಣಗೆರೆಗಳ ಕಡೆಯ ಹಳ್ಳಿಗಳು. ಮಣ್ಣು ಒಂದೇ, ಬೆಳೆ ಒಂದೇ, ಬೀಗತನ ಅತ್ತಿಂದಿತ್ತ. ಕೊಟ್ಟ ಹೆಣ್ಣು ಆಚೆ, ತವರು ಈಚೆ.

ಈ ಗೆರೆಯ ಎರಡು ಕಡೆಗಳಲ್ಲಿಯೂ ಕೆಲವು ಸಂಶೋಧಕರು ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ಯೋಜನೆಯಿದ್ದ ಹಳ್ಳಿಗಳು ೩೦೦, ಇಲ್ಲದ ಹಳ್ಳಿಗಳು ೨೭೨. ಫಲಿತಾಂಶ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರು ಯೋಜನೆಯಿಲ್ಲದ ಕಡೆ ಹತ್ತು ಸಾವಿರಕ್ಕೆ ೯೦. ಯೋಜನೆಯಿದ್ದ ಕಡೆ ೩೨. ಬಡತನದ ಕಾರ್ಡಿಲ್ಲದ ಮನೆಗಳಿಗೆ ಯೋಜನೆ ಎರಡು ಕಡೆಯೂ ಸಲ್ಲುತ್ತಿರಲಿಲ್ಲ. ಆ ಮನೆಗಳಲ್ಲಿ ಅಂಥ ಅಂತರವೂ ಕಾಣಲಿಲ್ಲ. ಈ ಅಂಕಿಗಳನ್ನು ಮೊದಲ ಸಲ ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಾಗಿದ್ದೆ. ಇದು ಕಂಪೆನಿಗಳ ನಿರಾಕರಣೆಯ ಲೆಕ್ಕವಲ್ಲ, ಆಸರೆ ಇರುವುದರ ಮತ್ತು ಇಲ್ಲದಿರುವುದರ ಲೆಕ್ಕ ಎಂಬುದನ್ನು ಬಲ್ಲೆ. ಆದರೆ ನಿರಾಕರಣೆಯೆಂದರೇನು? ಇದೆಯೆಂದು ನಂಬಿದ್ದ ಆಸರೆ ಹಾಸಿಗೆ ಹಿಡಿದ ದಿನವೇ ಇಲ್ಲವಾಗುವುದು. ಇಲ್ಲವೆಂದು ಮೊದಲೇ ತಿಳಿದವನು ಬೇರೆ ದಾರಿಯನ್ನಾದರೂ ಹುಡುಕಿಕೊಂಡಿರುತ್ತಾನೆ.

ಕಂಪೆನಿಗಳಿಗೂ ಹೇಳುವ ಮಾತುಗಳಿವೆ. ಇಲ್ಲದ ರೋಗಕ್ಕೆ ಬಿಲ್ಲು ಬರೆಯುವ ಆಸ್ಪತ್ರೆಗಳಿವೆ, ರೋಗ ಗೊತ್ತಾದ ಮೇಲೆ ಓಡಿಬಂದು ವಿಮೆ ಮಾಡಿಸುವ ಜಾಣರಿದ್ದಾರೆ. ಎಲ್ಲರ ಕಂತಿನ ಹಣವೂ ಒಂದೇ ಹಗೇವಿನ ಕಾಳು, ಅದನ್ನು ಕಾಯಬೇಡವೇ ಎನ್ನುತ್ತಾರೆ. ಒಪ್ಪುವ ಮಾತೇ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವೇ ಪ್ರಕಟಿಸಿದ ಲೆಕ್ಕದಂತೆ ೨೦೨೩-೨೪ರಲ್ಲಿ ಆರೋಗ್ಯ ವಿಮೆಯಲ್ಲಿ ಜನ ಕೇಳಿದ ಒಟ್ಟು ಹಣ ಸುಮಾರು ೧.೧೭ ಲಕ್ಷ ಕೋಟಿ ರೂಪಾಯಿ. ಕೊಟ್ಟದ್ದು ೮೩,೪೯೩ ಕೋಟಿ. ಸಲ್ಲದೆಂದು ಕಡಿದುಹಾಕಿದ್ದು ಸುಮಾರು ೧೫,೧೦೦ ಕೋಟಿ. ಪೂರ್ಣವಾಗಿ ತಿರಸ್ಕರಿಸಿದ್ದು, ಇತ್ಯರ್ಥವಾಗದೆ ಉಳಿದದ್ದು ಬೇರೆ. ಹಗೇವು ಕಾಯುವವನು ಇಲಿಯನ್ನು ಓಡಿಸಲಿ. ಇಷ್ಟು ಮಂದಿ ಇಲಿಗಳೆಂದು ನಂಬುವುದಕ್ಕೆ ನನಗೆ ಮನಸ್ಸು ಬಾರದು.

ವಿಮೆಯ ಕಾನೂನಿನ ಬುಡದಲ್ಲಿ ಒಂದು ತತ್ತ್ವವಿದೆ: ಪರಮ ವಿಶ್ವಾಸ. ವಿಮೆ ಮಾಡಿಸುವವನು ತನಗೆ ತಿಳಿದಿರುವ ಸತ್ಯವನ್ನೆಲ್ಲ ಹೇಳಬೇಕು, ಮುಚ್ಚಿಟ್ಟರೆ ಒಪ್ಪಂದ ಮುರಿಯುತ್ತದೆ. ದೊಡ್ಡಪ್ಪನವರ ಪತ್ರದಲ್ಲಿಯೂ ಈ ಮಾತಿತ್ತು. ಇದರ ಮೂಲವನ್ನು ಹುಡುಕುತ್ತ ಹೋದಾಗ ನನಗೊಂದು ವಿನೋದದ ಸಂಗತಿ ಸಿಕ್ಕಿತು. ಈ ತತ್ತ್ವವನ್ನು ಸ್ಪಷ್ಟವಾಗಿ ವಿಧಿಸಿದ ತೀರ್ಪು ೧೭೬೬ರದು. ಬರೆದವನು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್. ಸುಮಾತ್ರಾ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿದ ಮಾರ್ಲ್‌ಬರೋ ಎಂಬ ಕೋಟೆಯಿತ್ತು. ಅದರ ಗವರ್ನರು ಕಾರ್ಟರ್, ಕೋಟೆಯನ್ನು ಶತ್ರು ಹಿಡಿದರೆ ತನಗೆ ನಷ್ಟ ತುಂಬಿಕೊಡಬೇಕೆಂದು ಲಂಡನ್ನಿನಲ್ಲಿ ಬೋಮ್ ಎಂಬುವನಲ್ಲಿ ವಿಮೆ ಮಾಡಿಸಿದ. ೧೭೬೦ರಲ್ಲಿ ಫ್ರೆಂಚರು ಬಂದು ಕೋಟೆ ಹಿಡಿದೇಬಿಟ್ಟರು. ನಷ್ಟ ಕೇಳಲು ಹೋದರೆ ಬೋಮ್ ತಕರಾರು ತೆಗೆದ: ಕೋಟೆ ದುರ್ಬಲವೆಂಬುದನ್ನೂ ಫ್ರೆಂಚರು ಬರಬಹುದೆಂಬುದನ್ನೂ ನೀನು ನನಗೆ ತಿಳಿಸಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ನಮ್ಮಲ್ಲಿ ಗಾದೆಯುಂಟಷ್ಟೆ; ಈತ ಹಾಗೆ, ಕೊಳ್ಳೆ ಹೋದ ಮೇಲೆ ಬಾಗಿಲಿನ ಬಲವನ್ನು ವಿಚಾರಿಸುತ್ತ ನಿಂತ.

ಗೆದ್ದವರು ಯಾರೆಂದು ಬಲ್ಲಿರಾ? ಕಾರ್ಟರ್ ಗೆದ್ದ. ವಿಮೆ ಕೊಡುವವನಿಗೆ ಲೋಕದ ಸ್ಥಿತಿ ತಿಳಿದಿರಬೇಕು, ಸಂಶಯವಿದ್ದರೆ ಹಣ ಪಡೆಯುವ ಮುನ್ನ ವಿಚಾರಿಸಬೇಕಿತ್ತು. ಸುಮ್ಮನೆ ಹಣ ಪಡೆದು, ಕೊಡುವ ಕಾಲ ಬಂದಾಗ ನೆವ ಹುಡುಕುವುದು ಸಲ್ಲದು, ವಿಶ್ವಾಸದ ಕಟ್ಟು ಇಬ್ಬರಿಗೂ ಸಮಾನ ಎಂಬುದು ಆ ತೀರ್ಪಿನ ತಾತ್ಪರ್ಯ. ಪರಮ ವಿಶ್ವಾಸದ ಮೂಲಪುರುಷನಾದ ಮೊಕದ್ದಮೆಯಲ್ಲಿಯೇ ಸೋತವನು ವಿಮೆಗಾರ! ಈ ಕಥೆಯ ಉತ್ತರಾರ್ಧವನ್ನು ಕಂಪೆನಿಯ ಪತ್ರಗಳು ಹೇಳುವುದಿಲ್ಲ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ೨೦೨೧ರ ಡಿಸೆಂಬರ್ ೬ರಂದು ಇಂಥದೇ ಒಂದು ಮೊಕದ್ದಮೆಯನ್ನು ತೀರ್ಮಾನಿಸಿತು. ತೀರ್ಪನ್ನು ಬರೆದವರು ಕನ್ನಡತಿಯಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು, ಜೊತೆಯಲ್ಲಿದ್ದವರು ನ್ಯಾಯಮೂರ್ತಿ ಚಂದ್ರಚೂಡರು. ಒಬ್ಬ ಗೃಹಸ್ಥರು ೨೦೦೯ರಲ್ಲಿ ನೆಂಟರ ಮದುವೆಗೆಂದು ಅಮೆರಿಕಕ್ಕೆ ಹೊರಟರು. ಪ್ರಯಾಣದ ಆರೋಗ್ಯ ವಿಮೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಉಂಟೆಂದು ತಿಳಿಸಿದ್ದರು. ವೈದ್ಯ ಪರೀಕ್ಷೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಬೆವರು, ನಿಶ್ಶಕ್ತಿ. ಆಸ್ಪತ್ರೆಯಲ್ಲಿ ಹೃದಯದ ನಾಳಗಳಿಗೆ ಮೂರು ಸ್ಟೆಂಟುಗಳನ್ನು ಹಾಕಬೇಕಾಯಿತು. ಕೊಬ್ಬಿನ ಮಾತ್ರೆ ಸೇವಿಸುತ್ತಿದ್ದುದನ್ನು ಹೇಳಿಲ್ಲವೆಂದು ಕಂಪೆನಿ ಕೈಚೆಲ್ಲಿತು. ಅರ್ಜಿದಾರನ ದೇಹಸ್ಥಿತಿಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅವನೇ ತಿಳಿಸಿದ್ದ ಕಾಯಿಲೆಯನ್ನು ಮುಂದೊಡ್ಡಿ ಕಂಪೆನಿಯು ಹಿಂದೆಗೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹಣ ಕೊಡಿಸಿತು. ನಡುವೆ ಹನ್ನೆರಡು ವರ್ಷಗಳು ಕಳೆದಿದ್ದವು.

ನಮ್ಮ ದೊಡ್ಡಪ್ಪನವರ ವ್ಯಾಜ್ಯ ಅಷ್ಟು ಚೊಕ್ಕವಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅರ್ಜಿಯಲ್ಲಿ 'ಇಲ್ಲ' ಎಂದೇ ಇತ್ತು, ಸಹಿ ಅವರದೇ. ಆದರೆ ಇಂಥದ್ದನ್ನು ಊಹಿಸಿಯೇ ಮಾಡಿದ ನಿಯಮಗಳೂ ಇದ್ದವು. ವಿಮಾ ಪ್ರಾಧಿಕಾರವು ೨೦೦೨ರಷ್ಟು ಹಿಂದೆಯೇ, ಅರ್ಜಿ ಮೊದಲಾದ ಕಾಗದಗಳನ್ನು ಸಂದರ್ಭಕ್ಕೆ ತಕ್ಕಂತೆ ಸಂವಿಧಾನ ಮನ್ನಿಸಿದ ಭಾಷೆಗಳಲ್ಲಿ ಒದಗಿಸಬಹುದೆಂದು ಹೇಳಿತ್ತು. ಒದಗಿಸಬಹುದು! 'ಬೇಕು' ಮತ್ತು 'ಬಹುದು'ಗಳ ವ್ಯತ್ಯಾಸವನ್ನು ತರಗತಿಯಲ್ಲಿ ಕಲಿಸುವಾಗ ಇಷ್ಟು ಒಳ್ಳೆಯ ಉದಾಹರಣೆ ನನಗೆ ಹಿಂದೆ ದೊರೆತಿರಲಿಲ್ಲ. ೨೦೨೪ರ ಜನವರಿಯಿಂದ ಪಾಲಿಸಿಯ ಮುಖ್ಯಾಂಶಗಳನ್ನು ಸರಳ ಮಾತಿನಲ್ಲಿ ಬರೆದು ಕೊಡಬೇಕು, ಗ್ರಾಹಕ ಬಯಸಿದರೆ ಅವನ ಭಾಷೆಯಲ್ಲಿಯೇ ಕೊಡಬೇಕು ಎಂದಾಗಿದೆ. ಬಯಸಬೇಕೆಂಬುದು ಗ್ರಾಹಕನಿಗೆ ಗೊತ್ತಿರಬೇಕು, ಅಷ್ಟೆ.

ಅದೇ ವರ್ಷ ಇನ್ನೂ ಕೆಲವು ನಿಯಮಗಳು ಬಿಗಿಯಾದವು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ರೋಗಿಯನ್ನು ಮನೆಗೆ ಕಳುಹಿಸುವಾಗಿನ ಕೊನೆಯ ಅನುಮತಿಯನ್ನು ಮೂರು ಗಂಟೆಯೊಳಗೆ. ಕ್ಲೇಮನ್ನು ತಿರಸ್ಕರಿಸುವುದಾದರೆ ಕಂಪೆನಿಯ ಪರಿಶೀಲನಾ ಸಮಿತಿ ಒಪ್ಪಬೇಕು, ಪಾಲಿಸಿಯ ಯಾವ ಷರತ್ತಿನ ಮೇರೆಗೆ ಎಂಬುದನ್ನು ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು: ಸತತವಾಗಿ ಅರುವತ್ತು ತಿಂಗಳು ಕಂತು ಕಟ್ಟಿದವನ ಮೇಲೆ, ಮೋಸವನ್ನು ಸಾಬೀತು ಮಾಡಿದ ಹೊರತು, 'ಮುಚ್ಚಿಟ್ಟೆ' ಎಂಬ ಆಕ್ಷೇಪಣೆ ನಡೆಯದು. ಮೊದಲು ಈ ಗಡುವು ಎಂಟು ವರ್ಷವಿತ್ತು. ದೊಡ್ಡಪ್ಪನವರು ಕಟ್ಟಿದ್ದು ಆರು ವರ್ಷ. ಎರಡು ವರ್ಷ ತಡವಾಗಿ ಎದೆ ನೋಯಿಸಿಕೊಂಡಿದ್ದರೆ ಎಂದು ತಮ್ಮ ಒಮ್ಮೆ ನಗೆಯಾಡಿದ, ಯಾರೂ ನಗಲಿಲ್ಲ.

ಇನ್ನೊಂದು ಬಾಗಿಲಿತ್ತು, ವಿಮಾ ಓಂಬುಡ್ಸ್‌ಮನ್. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ವಕೀಲರು ಬೇಡ, ಶುಲ್ಕವಿಲ್ಲ. ಮೊದಲು ಕಂಪೆನಿಗೆ ಬರೆಯಬೇಕು; ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, ಅವರಲ್ಲಿ ದೂರು ಕೊಡಬಹುದು. ಐವತ್ತು ಲಕ್ಷದವರೆಗಿನ ವ್ಯಾಜ್ಯಗಳನ್ನು ಅವರು ತೀರ್ಮಾನಿಸಬಲ್ಲರು. ಆದರೆ ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗಕ್ಕಾದರೆ ಎರಡು ವರ್ಷ. ನಾನು ಇದನ್ನೆಲ್ಲ ತಿಳಿದುಕೊಂಡು, ಪುಸ್ತಕ ಓದಿ, ವಕೀಲ ಮಿತ್ರರನ್ನು ಕೇಳಿ, ಮೋಕಕ್ಕೆ ಹೋಗಿ ಟ್ರಂಕು ತೆಗೆಸಿದ್ದು ೨೦೨೪ರ ಜುಲೈಯಲ್ಲಿ. ಪತ್ರದ ತಾರೀಖಿನಿಂದ ಎರಡು ವರ್ಷ, ಎರಡು ತಿಂಗಳು ಮೇಲಾಗಿತ್ತು. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗದವರು ಮನ್ನಿಸಬಹುದು, ಪ್ರಯತ್ನಿಸೋಣ ಎಂದರು ವಕೀಲರು. ದೊಡ್ಡಪ್ಪನವರು ಒಪ್ಪಲಿಲ್ಲ. "ಏನಂತ ಕಾರಣಾ ಬರೀತೀರಿ? ಓದಿದ ಮಗಾ ಇದ್ದ, ಅವಗ ಪುರಸೊತ್ತು ಇರಲಿಲ್ಲ ಅಂತ ಬರೀತೀರೇನು?" ಎಂದರು. ಸಿಟ್ಟಿನಿಂದ ಅಂದದ್ದಲ್ಲ; ನಗುತ್ತಲೇ ಅಂದರು. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಹೋದ ಭಾನುವಾರ ಮೋಕಕ್ಕೆ ಹೋಗಿದ್ದೆ. ತಮ್ಮ ತನ್ನ ಹೆಂಡತಿ ಮಗುವಿಗೆ ಸೇರಿಸಿ ಹೊಸದಾಗಿ ಪಾಲಿಸಿ ಮಾಡಿಸುತ್ತಿದ್ದಾನೆ. ಒಂಟಿ ಮನೆತನದವರು ಮಾಡಿಸುವ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ ಹದಿನೆಂಟರ ತೆರಿಗೆಯನ್ನು ೨೦೨೫ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದ್ದಾ‌ರಾಗಿ ಈಗ ಧೈರ್ಯ ಮಾಡಿದ್ದಾನೆ. ಊಟವಾದ ಮೇಲೆ ದೊಡ್ಡಪ್ಪನವರು ಅರ್ಜಿಯನ್ನು ನನ್ನ ಮುಂದೆ ಇಟ್ಟರು. ಈ ಸಲವೂ ಇಂಗ್ಲಿಷಿನದೇ. ಕನ್ನಡದ್ದು ಕೇಳಿದರೆ ಏಜೆಂಟ ತಲೆ ಕೆರೆದುಕೊಂಡು, ತರಿಸಿಕೊಡುತ್ತೇನೆ ಎಂದನಂತೆ.

"ಒಂದೊಂದೇ ಓದಿ, ಕನ್ನಡದಾಗ ಹೇಳು" ಎಂದರು.

ಓದಿದೆ. ಒಂದೊಂದು ಪ್ರಶ್ನೆಯನ್ನೂ ಓದಿ, ಕನ್ನಡದಲ್ಲಿ ಹೇಳಿ, ಮೂವರಿಂದಲೂ ಉತ್ತರ ಬಂದ ಮೇಲೆ ಮುಂದಿನದಕ್ಕೆ ಹೋದೆ. ಒಂದೂವರೆ ತಾಸು ಹಿಡಿಯಿತು. ನಡುವೆ ಕರೆಂಟು ಹೋಗಿ ಬಂದಿತು. ರಕ್ತದೊತ್ತಡದ ಚೌಕ ಬಂದಾಗ ತಮ್ಮ "ನನಗಿಲ್ಲ, ಆಕೀಗೂ ಇಲ್ಲ" ಎಂದ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮೆಲ್ಲಗೆ, "ಬಸುರಿದ್ದಾಗ ಏಳನೇ ತಿಂಗಳದಾಗ ಸ್ವಲ್ಪ ಏರಿತ್ತಂತ ಡಾಕ್ಟರಮ್ಮ ಹೇಳಿದ್ರು. ಆಮ್ಯಾಲೆ ಇಲ್ಲ" ಎಂದಳು.

"ಅದನ್ನ ಬರೀಬೇಕಾ? ಅದು ಯಾವಾಗ್ಲೋ ಹೋತು," ಎಂದ ತಮ್ಮ.

ದೊಡ್ಡಪ್ಪನವರು ಗೋಡೆಗೆ ಕೈಕೊಟ್ಟು ಎದ್ದರು. ನಿಧಾನವಾಗಿ ನಡೆದು ಹೋಗಿ ಟ್ರಂಕಿನ ಮುಚ್ಚಳ ತೆಗೆದರು. ಉಸಿರಿಗಾಗಿ ಒಂದು ಗಳಿಗೆ ಅಲ್ಲಿಯೇ ನಿಂತು, ಒಳಗಿನಿಂದ ಸೊಸೆಯ ತಾಯಿ ಕಾರ್ಡನ್ನು ಹುಡುಕಿ ತೆಗೆದು ತಂದು ನನ್ನ ಕೈಗಿತ್ತರು.

"ತಾರೀಖು ಸಮೇತ ಬರಿ" ಎಂದರು.